ನುಂಗಿದ್ದನ್ನು ಕಂಡವರು

ಏಳೂವರೆಗೆ ಬರಬೇಕಾದ ಮನೆಗೆಲಸದ ಪಾರುಲ್ ಎಂಟು ಹೊಡೆದರೂ ಬಾರದಿದ್ದಾಗ ಆ ಮನೆಯಲ್ಲಿ ನೆಮ್ಮದಿಯ ಉಸಿರು ಬಿಟ್ಟವಳು ಕೋಕಿಲಾ ಒಬ್ಬಳೇ. ಮೋರಿಯ ಬಳಿ ಹಿಂದಿನ ದಿನದ ಪಾತ್ರೆಗಳು ಒಣಗಿ ಬಿದ್ದಿದ್ದವು. ಅವ್ವ ಎರಡು ಸಲ ಬಾಲ್ಕನಿಗೆ ಹೋಗಿ ರೈಲ್ವೆ ಕ್ವಾರ್ಟರ್ಸಿನ ಗೇಟಿನ ಕಡೆ ಕತ್ತು ಚಾಚಿ ನೋಡಿ ಬಂದಿದ್ದಳು.

"ಶನಿವಾರ ಇಲ್ಲ, ನಿನ್ನೆ ಇಲ್ಲ, ಇವತ್ತೂ ಇಲ್ಲ. ಊರಿಗೆ ಹೋಗ್ಯಾಳೋ, ಬ್ಯಾರೆ ಮನಿ ಹಿಡದಾಳೋ. ಒಂದು ಮಾತು ಹೇಳಿ ಹೋಗಾಕ ಏನಾಗಿತ್ತು ಅಕಿಗೆ?"

"ಪೂಜಾ ಹಬ್ಬ ಬಂತಲ್ಲ, ಊರಿಗೆ ಹೋಗಿರತಾಳ ಬಿಡು," ಎಂದ ಅಪ್ಪ ಬಸವಲಿಂಗಪ್ಪ, ಬಿಬಿಡಿ ಬಾಗಿನ ಕಚೇರಿಗೆ ಹೊರಡಲು ಬೂಟಿನ ಲೇಸು ಕಟ್ಟಿಕೊಳ್ಳುತ್ತ.

"ಪೂಜಾಕ್ಕ ಇನ್ನಾ ತಿಂಗಳೈತಿ. ಸೀರಿ ಕೈಗೆ ಬರೋಮಟಾ ಈ ಊರಾಗ ಯಾವ ಕೆಲಸದಾಕೀನೂ ಊರಿಗೆ ಹೋಗಂಗಿಲ್ಲ. ಇಷ್ಟು ವರ್ಷ ಆತು, ನಿಮಗ ಅದೂ ಗೊತ್ತಿಲ್ಲ." ಅವ್ವ ಮಗಳ ಕಡೆ ತಿರುಗಿದಳು. "ನಿನಗೇನರ ಹೇಳಿದ್ಲೇನ, ಕೋಕಿಲಾ?"

"ನನಗ್ಯಾಕ ಹೇಳ್ತಾಳ? ಐ ಡೋಂಟ್ ನೋ, ಅವ್ವಾ." ಉತ್ತರ ಬೇಕಾದುದಕ್ಕಿಂತ ಬೇಗ ಬಂದಿತ್ತು. ಅವ್ವ ಅದನ್ನು ಗಮನಿಸಲಿಲ್ಲ.

ಕಿಟಕಿಯ ಕಟ್ಟೆಯ ಮೇಲೆ ಪಾರುಲಳ ಕಪ್ಪು ಬೋರಲಾಗಿ ಕುಳಿತಿತ್ತು. ನೀಲಿ ಹೂವಿನ, ಹಿಡಿ ಮುರಿದ ಕಪ್ಪು. ಅದು ಮನೆಯ ಕಪ್ಪುಗಳ ಸಾಲಿಗೆ ಸೇರದೆ, ಹೊರಗಿನದೂ ಆಗದೆ, ಆರು ವರ್ಷಗಳಿಂದ ಆ ಕಟ್ಟೆಯ ಮೇಲೇ ಇತ್ತು. ಕ್ಷಯರೋಗ ಪಾತ್ರೆಯಿಂದ ಹರಡುವುದಿಲ್ಲ, ಉಸಿರಿನಿಂದ ಹರಡುತ್ತದೆ ಎಂಬುದನ್ನು ಕೋಕಿಲಾ ನರ್ಸಿಂಗ್ ಪರೀಕ್ಷೆಯಲ್ಲಿ ಬರೆದಿದ್ದಳು. ಅದನ್ನೇ ಬಂಗಾಳಿಯಲ್ಲಿ ದಪ್ಪಕ್ಷರದಲ್ಲಿ ಬರೆಸಿ, ಪಾಡಾದ, ಎಂದರೆ ಓಣಿಯ, ಕ್ಲಬ್ಬಿನ ಗೋಡೆಗೆ ತನ್ನ ಕೈಯಾರೆ ಅಂಟಿಸಿದ್ದಳು. ಆದರೂ ಈ ಐದು ತಿಂಗಳು, ಅವ್ವ ಸ್ನಾನಕ್ಕೆ ಹೋದ ಹೊತ್ತು ನೋಡಿ, ಅವಳು ಆ ಕಪ್ಪಿನ ಮೇಲೆ ಕುದಿಯುವ ನೀರು ಸುರಿಯುತ್ತಿದ್ದಳು. ಒಮ್ಮೆ ಬೆನ್ನ ಹಿಂದೆ ಬಳೆಯ ಸದ್ದಾಗಿ ತಿರುಗಿದರೆ ಪಾರುಲ್ ನೆಲ ಒರೆಸುವ ಬಟ್ಟೆ ಹಿಡಿದು ನಿಂತಿದ್ದಳು. ಸಿಟ್ಟಾಗಿರಲಿಲ್ಲ. ಎರಡೂ ಕೈಗಳನ್ನು ಮುಂದೆ ಚಾಚಿ, ನಗುತ್ತ, "ಇವಕ್ಕೂ ಒಂದಿಷ್ಟು ಹಾಕುತ್ತೀರಾ, ದಿದಿಮಣಿ?" ಎಂದಿದ್ದಳು. ಆ ನಗುವನ್ನು ನೆನೆದಾಗಲೆಲ್ಲ ಕೋಕಿಲಾಳ ಕಿವಿ ಬಿಸಿಯಾಗುತ್ತಿತ್ತು. ಇಂದು ಹನ್ನೊಂದು ಗಂಟೆಗೆ ಕ್ಷಯ ಕೇಂದ್ರದ ಡಾಕ್ಟರ್ ಬಾಗ್ಚಿ ಸರ್ ಕರೆದಿರುವ ಸಭೆಯಲ್ಲಿ ಆ ಕಪ್ಪಿನ ಮಾತು ಬರುವುದಿಲ್ಲ. ಆದರೆ ಬೇರೆಯದೊಂದು ಮಾತು ಬರುತ್ತದೆ, ಅದಕ್ಕೆ ಉತ್ತರ ಕೊಡಬೇಕಾದವಳು ತಾನೇ. ಶುಕ್ರವಾರದಿಂದ ಆ ಉತ್ತರವನ್ನು ಅವಳು ಬಾಯಲ್ಲಿಟ್ಟುಕೊಂಡು ತಿರುಗುತ್ತಿದ್ದಳು. ನುಂಗಲೂ ಆಗಿರಲಿಲ್ಲ, ಉಗುಳಲೂ ಆಗಿರಲಿಲ್ಲ.

ಟಾಲಿಗಂಜ್ ಟ್ರಾಮ್ ಡಿಪೊ ದಾಟಿ, ರೈಲು ಹಳಿಯ ಪಕ್ಕದ ಗುಡಿಸಲುಗಳ ಬಸ್ತಿಯ ಕಡೆ ನಡೆಯುವಾಗ ರಸ್ತೆಯ ಎರಡೂ ಬದಿ ಪೂಜೆಯ ಪೆಂಡಾಲಿಗೆ ಬಿದಿರು ಕಟ್ಟುತ್ತಿದ್ದರು. ಎತ್ತರದ ಹಲಗೆಯ ಮೇಲೆ ಸಾಲ್ಟ್ ಲೇಕಿನ ಸೆಕ್ಟರ್ ಫೈವಿನ ಯಾವುದೋ ಕಂಪನಿಯ ಜಾಹೀರಾತು: ಗಾಜಿನ ಕಟ್ಟಡ, ಕೊರಳಲ್ಲಿ ಗುರುತುಚೀಟಿ ತೂಗಿಸಿಕೊಂಡು ನಗುವ ಹುಡುಗಿ. ಅಂಥದೇ ಇನ್ನೊಂದು ಕಂಪನಿಯ ಧರ್ಮದಿಂದ ಕ್ಲಬ್ಬಿನ ಕ್ಷಯ ಕೇಂದ್ರಕ್ಕೆ ಕಂಪ್ಯೂಟರ್ ಬಂದಿತ್ತು. ಸೋಮವಾರ, ಬುಧವಾರ, ಶುಕ್ರವಾರ ರೋಗಿಗಳು ಬಂದು ಮಾತ್ರೆ ನುಂಗಬೇಕು. ಯಾರಾದರೊಬ್ಬರು ಕಣ್ಣಾರೆ ಕಂಡು ಅವರವರ ಕಾರ್ಡಿನ ಮನೆಯಲ್ಲಿ ಗುರುತು ಹಾಕಬೇಕು. ಆ ಗುರುತುಗಳನ್ನು ಕೋಕಿಲಾ ಕಂಪ್ಯೂಟರಿಗೆ ಊಡಿಸಿದರೆ ಪರದೆಯ ಮೇಲೆ ಹಸಿರು ಕಂಬಗಳು ಏಳುತ್ತಿದ್ದವು. ಐದು ತಿಂಗಳಲ್ಲಿ ಒಂದು ಕಂಬವೂ ಗಿಡ್ಡವಾಗಿರಲಿಲ್ಲ. ಬರುವ ಶನಿವಾರ ಕಂಪನಿಯವರೆದುರು ಆ ಕಂಬಗಳನ್ನು ತೋರಿಸಿ ಮಾತಾಡಬೇಕಾದವಳು ಅವಳೇ. ಮಾತು ಒಪ್ಪಿಗೆಯಾದರೆ ಇಂಥ ಹನ್ನೆರಡು ಕೇಂದ್ರಗಳ ಸಂಯೋಜಕಿಯಾಗಿ ಅವಳ ನೇಮಕ ಎಂದು ಬಾಗ್ಚಿ ಸರ್ ಬಾಯಿಬಿಟ್ಟೇ ಹೇಳಿದ್ದರು. ಆಸೆ ಬರೀ ನೌಕರಿಯದಾಗಿರಲಿಲ್ಲ. ಅದನ್ನು ಅವಳು ತನಗೆ ತಾನೇ ಮತ್ತೆ ಮತ್ತೆ ಹೇಳಿಕೊಳ್ಳುತ್ತಿದ್ದಳು. ಅವಳು ನರ್ಸಿಂಗ್ ತರಬೇತಿಗೆ ಹೋಗುತ್ತಿದ್ದ ಸಿಯಾಲ್ದಾ ಕಡೆಯ ಆಸ್ಪತ್ರೆಯ ವಾರ್ಡಿನಲ್ಲಿ ಒಂದು ಹಾಸಿಗೆಗೆ ಇಬ್ಬರು ರೋಗಿಗಳು, ಡಾಕ್ಟರ ಬೈಗುಳ, ಬೆಡ್‌ಪ್ಯಾನು, ಹೆಸರಿಲ್ಲದ ಹಗಲು. ಇಲ್ಲಿ ಕ್ಲಬ್ಬಿನಲ್ಲಿ, ಸೆಣಬಿನ ಗಿರಣಿಯ ಮುದುಕನೊಬ್ಬ ಗುಣವಾಗಿ ಕೊನೆಯ ಮಾತ್ರೆ ನುಂಗಿದ ದಿನ ಒಂದು ಮಣ್ಣಿನ ಕುಡಿಕೆ ತುಂಬ ಮಿಷ್ಟಿ ದೋಯಿ, ಸಿಹಿ ಮೊಸರು, ತಂದು ಅವಳ ಕೈಗಿಟ್ಟು ತಲೆ ಮುಟ್ಟಿದ್ದ. ಜನರ ನಡುವೆ ಕೆಲಸ ಮಾಡಬೇಕು ಎಂದು ಅವಳಿಗೆ ಅನಿಸಿದ್ದು ಅಂದೇ, ಸುಳ್ಳಲ್ಲ. ಆ ದೋಯಿಯ ರುಚಿಯೂ ಸುಳ್ಳಲ್ಲ.

ಕೇಂದ್ರದ ಕೆಲಸಕ್ಕೆ ನಾಲ್ಕು ಜನ, ನಾಲ್ಕು ಪಾಲು. ಮೆಡಿಕಲ್ ಕಾಲೇಜಿನ ನಿಹಾರಿಕಾ ರೋಗಿಯ ತೂಕ, ಕೆಮ್ಮು, ಜ್ವರ ಕೇಳಿ ಬರೆಯುತ್ತಾಳೆ. ಫಾರ್ಮಸಿಯ ನಿತಿನ್ ಆ ರೋಗಿಯ ಹೆಸರಿನ ಡಬ್ಬಿ ತೆಗೆದು ಮಾತ್ರೆಗಳನ್ನು ಸ್ಟೀಲಿನ ತಟ್ಟೆಗೆ ಉದುರಿಸುತ್ತಾನೆ. ಬಸ್ತಿಯವಳೇ ಆದ ಸ್ವಯಂಸೇವಕಿ, ಎಲ್ಲರೂ ಅಕ್ಕ ಎಂಬರ್ಥದ 'ದಿ' ಸೇರಿಸಿ ಕರೆಯುವ ಸುಭದ್ರಾದಿ, ಲೋಟಕ್ಕೆ ನೀರು ತುಂಬಿಸುತ್ತಾಳೆ. ಕೇರಂ ಬೋರ್ಡಿನ ಹಿಂದಿನ ಪರದೆಯ ಮರೆಯಲ್ಲಿ ಕೋಕಿಲಾ ರೋಗಿಯನ್ನು ಕೂರಿಸಿ, ನುಂಗಿಸಿ, ಬಾಯಿ ತೆರೆಸಿ, ನಾಲಿಗೆ ಎತ್ತಿಸಿ ನೋಡಿ ಗುರುತು ಹಾಕುತ್ತಾಳೆ. ಇದಕ್ಕೆ ತಂಡದ ಆರೈಕೆ ಎಂದು ಹೆಸರು; ಬಾಗ್ಚಿ ಸರ್ ಅದನ್ನು ಹೇಳುವಾಗ ಎರಡೂ ಕೈಗಳ ಬೆರಳು ಹೆಣೆದು ತೋರಿಸುತ್ತಿದ್ದರು. ಆದರೆ ವಿದ್ಯಾರ್ಥಿಗಳ ಸಹಿ ಸರ್ಕಾರಿ ಕಾರ್ಡಿಗೆ ನಡೆಯುವುದಿಲ್ಲ. 'ನುಂಗಿದ್ದನ್ನು ಕಂಡವರು' ಎಂಬ ಗೆರೆಯ ಮೇಲೆ ಸ್ವಯಂಸೇವಕಿಯ ಸಹಿಯೇ ಆಗಬೇಕು. ಹೀಗಾಗಿ ಹತ್ತೂವರೆಗೆ ರೋಗಿಗಳೆಲ್ಲ ಹೋದ ಮೇಲೆ ಸುಭದ್ರಾದಿ ಸೆರಗಿಗೆ ಕೈ ಒರೆಸಿಕೊಂಡು, ಕಾರ್ಡುಗಳ ಕಟ್ಟನ್ನು ಮುಂದಿಟ್ಟುಕೊಂಡು, ನಾಲಿಗೆಯ ತುದಿ ಕಚ್ಚಿ, ಒಂದೊಂದರ ಮೇಲೂ ಒಂದೊಂದು ಮನೆ ಕಟ್ಟುವಷ್ಟು ಶ್ರದ್ಧೆಯಿಂದ ತನ್ನ ಹೆಸರು ಬರೆಯುತ್ತಿದ್ದಳು. ಕಣ್ಣು ಕೋಕಿಲಾಳದು, ಸಹಿ ಸುಭದ್ರಾದಿಯದು. ಇದರಲ್ಲಿ ತಪ್ಪೇನಿದೆಯೆಂದು ಯಾರಿಗೂ ಹೊಳೆದಿರಲಿಲ್ಲ. ಎಲ್ಲ ಕೇಂದ್ರಗಳಲ್ಲೂ ಹೀಗೆಯೇ.

ಏಪ್ರಿಲ್ಲಿನ ಒಂದು ಸೋಮವಾರ ಪರದೆ ಸರಿಸಿ ಒಳಗೆ ಬಂದವಳು ಪಾರುಲ್ ಆಗಿದ್ದಳು. ಒಂದೂವರೆ ಗಂಟೆಯ ಹಿಂದೆ ಅವಳೇ ಕೈಯಾರೆ ತೊಳೆದ ತಟ್ಟೆಯಲ್ಲಿ ಕೋಕಿಲಾ ಅವಲಕ್ಕಿ ತಿಂದು ಬಂದಿದ್ದಳು. ಇಬ್ಬರೂ ಒಬ್ಬರನ್ನೊಬ್ಬರು ಕಳ್ಳರಂತೆ ನೋಡಿಕೊಂಡರು. "ಬೌದಿಗೆ ಹೇಳಬೇಡಿ," ಎಂದಳು ಪಾರುಲ್; ಅವ್ವನನ್ನು ಅವಳು ಬೌದಿ ಎನ್ನುತ್ತಿದ್ದಳು. ಹೇಳುವಂತಿಲ್ಲ, ರೋಗಿಯ ಗುಟ್ಟು ಕಾಯುವುದು ಧರ್ಮ ಎಂದು ಕೋಕಿಲಾ ತನಗೆ ಹೇಳಿಕೊಂಡಳು. ಆದರೆ ಆ ಧರ್ಮದ ಕೆಳಗೆ ಇನ್ನೊಂದು ಅಂಜಿಕೆ ಮಡಿಚಿಕೊಂಡು ಕುಳಿತಿತ್ತು: ಇಂದು ಹೇಳದಿದ್ದರೆ ನಾಳೆ ಹೇಳಲಾಗುವುದಿಲ್ಲ, ಗೊತ್ತಿದ್ದೂ ರೋಗದವಳನ್ನು ಅಡುಗೆಮನೆಯೊಳಗೆ ಬಿಟ್ಟೆಯಾ ಎಂದು ಅವ್ವ ಕೇಳುತ್ತಾಳೆ. ಮೊದಲ ದಿನ ಪಾರುಲ್ ಏಳು ಮಾತ್ರೆಗಳನ್ನೂ ಬರಿಹೊಟ್ಟೆಯಲ್ಲಿ ನುಂಗಿ, ಎರಡೇ ನಿಮಿಷಕ್ಕೆ ಕೇರಂ ಬೋರ್ಡಿನ ಪಕ್ಕ ವಾಂತಿ ಮಾಡಿದ್ದಳು. ಸುಭದ್ರಾದಿ ಬೂದಿ ತಂದು ಮುಚ್ಚಿದ್ದಳು. ಮುಂದಿನ ಮನೆಗೆ ತಡವಾಗಿ ಹೋಗಿ ಪಾರುಲ್ ಬೈಸಿಕೊಂಡಿದ್ದಳು. ಬುಧವಾರ ಮಾತ್ರೆಗಳನ್ನು ಅಂಗೈಯಲ್ಲಿ ಹಿಡಿದು ಸುಮ್ಮನೆ ಕುಳಿತಳು. "ಅನ್ನ ಉಂಡು ನುಂಗುತ್ತೇನೆ, ದಿದಿಮಣಿ. ಆಣೆಗೂ. ಮಧ್ಯಾಹ್ನ ಮನೆಗೆ ಹೋದ ಕೂಡಲೇ." ಪರದೆಯ ಆಚೆ ಇನ್ನೂ ಹನ್ನೊಂದು ಜನ ಕಾಯುತ್ತಿದ್ದರು. ಸರಿಯಾದ ದಾರಿ ಕೋಕಿಲಾಳಿಗೆ ಗೊತ್ತಿತ್ತು. ಎರಡು ಬಿಸ್ಕತ್ತು ತಿನ್ನಿಸಬೇಕು, ಅರ್ಧ ಗಂಟೆ ಕೂರಿಸಬೇಕು, ವಾರದ ಸಭೆಯಲ್ಲಿ ತಂಡದ ಮುಂದೆ ವಿಷಯ ಇಡಬೇಕು. ಇಟ್ಟರೆ ನಿಹಾರಿಕಾ ತನ್ನ ನೀಟಾದ ಬಂಗಾಳಿಯಲ್ಲಿ, ಯಾವ ಮನೆಗಳಲ್ಲಿ ಕೆಲಸ, ಎಷ್ಟು ಹೊತ್ತಿಗೆ, ನಾವೇ ಹೋಗಿ ಮಾತಾಡೋಣ, ವಿಳಾಸ ಹೇಳು ಎಂದು ಕೇಳುತ್ತಾಳೆ; ಮೊದಲ ವಿಳಾಸ ಕೋಕಿಲಾಳ ಮನೆಯದೇ. ಪಾರುಲ್ ಮಾತ್ರೆಗಳನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಕೋಕಿಲಾ ಅತ್ತ ತಿರುಗಿ, ಕಾರ್ಡಿನ ಆ ಪುಟ್ಟ ಮನೆಯೊಳಗೆ, ಅಂಚು ಮುಟ್ಟದಂತೆ, ಅಚ್ಚುಕಟ್ಟಾಗಿ ಗುರುತು ಹಾಕಿದಳು. ಒಮ್ಮೆ ಹಾಕಿದ ಕೈಗೆ ಎರಡನೆಯ ಸಲ ಯಾರೂ ಹೇಳಿಕೊಡಬೇಕಾಗಲಿಲ್ಲ. ಕೆಮ್ಮು ನಡುನಡುವೆ ಕಡಿಮೆಯಾದಾಗ, ನುಂಗುತ್ತಿದ್ದಾಳೆ ನೋಡು ಎಂದು ಮನಸ್ಸಿಗೆ ಸಾಕ್ಷಿಯೂ ಸಿಗುತ್ತಿತ್ತು.

ಐದನೆಯ ತಿಂಗಳ ಕಫದ ಪರೀಕ್ಷೆಯಲ್ಲಿ ರೋಗ ಹಾಗೆಯೇ ಇತ್ತು. ಶುಕ್ರವಾರ ಬಾಗ್ಚಿ ಸರ್ ಇಡೀ ತಂಡವನ್ನು ಪಾರುಲಳ ಕೋಣೆಗೆ ಕರೆದೊಯ್ದರು. ಕಾಳಿಯ ಪಟದ ಹಿಂದಿನಿಂದ ನಿಹಾರಿಕಾ ಜರ್ದಾದ ತಗಡಿನ ಡಬ್ಬಿಯೊಂದನ್ನು ಹೊರಗೆಳೆದಳು. ತುಂಬ ಮಾತ್ರೆಗಳು, ಕೆಂಪು ಕ್ಯಾಪ್ಸೂಲುಗಳು ಸೆಕೆಗೆ ಅಂಟಿ ಒಂದಕ್ಕೊಂದು ಮೆತ್ತಿಕೊಂಡಿದ್ದವು. "ಯಾಕೆ ಹೀಗೆ ಮಾಡಿದೆ?" ಎಂದು ಸರ್ ಕೇಳಿದರೆ ಪಾರುಲ್ ಬಾಗಿಲ ಹೊಸ್ತಿಲನ್ನೇ ನೋಡುತ್ತ ನಿಂತಳು. ಕೋಕಿಲಾಳ ಕಡೆ ಒಮ್ಮೆಯೂ ಕಣ್ಣೆತ್ತಲಿಲ್ಲ. ಆ ನೋಡದ ನೋಟ ಎಷ್ಟು ಭಾರವಿತ್ತೆಂದರೆ, ಅವಳು ಬೆರಳು ತೋರಿಸಿಬಿಟ್ಟಿದ್ದರೆ ಒಳ್ಳೆಯದಿತ್ತು ಎಂದು ಕೋಕಿಲಾಳಿಗೆ ಅನಿಸಿತ್ತು. ಕೆಲಸಕ್ಕೆ ಹೋಗಬೇಡ, ಇನ್ನು ಎಂಟು ತಿಂಗಳ ಹೊಸ ಚಿಕಿತ್ಸೆ, ಮೊದಲೆರಡು ತಿಂಗಳು ಸೂಜಿ ಎಂದು ಸರ್ ಹೇಳಿದಾಗ ಪಾರುಲ್ ಮೊದಲ ಬಾರಿಗೆ ಬಾಯಿ ತೆರೆದಿದ್ದಳು. "ಮನೆಗಳು ಹೋಗುತ್ತವೆ, ಡಾಕ್ಟರ್ ಬಾಬು." ಅಷ್ಟೇ.

ಹನ್ನೊಂದಕ್ಕೆ ಸರಿಯಾಗಿ ಬಾಗ್ಚಿ ಸರ್ ಕೇರಂ ಬೋರ್ಡಿನ ನಡುವೆ ಆ ಡಬ್ಬಿಯನ್ನೂ ಪಾರುಲಳ ಕಾರ್ಡನ್ನೂ ಇಟ್ಟರು. ಸುತ್ತ ನಾಲ್ವರು, ಆಟಕ್ಕೆ ಕುಳಿತವರಂತೆ. ಸುಭದ್ರಾದಿ ಮಾತ್ರ ಕುರ್ಚಿ ಇದ್ದರೂ ಗೋಡೆಗೆ ಒರಗಿ ನಿಂತಿದ್ದಳು.

"ಬೈಯಲು ಕರೆದಿಲ್ಲ," ಎಂದರು ಸರ್. "ತಂಡ ಅಂದ ಮೇಲೆ ತಪ್ಪು ಒಬ್ಬರದಲ್ಲ. ಆದರೆ ಎಲ್ಲಿ ಜಾರಿತು ಅಂತ ನನಗೆ ಗೊತ್ತಾಗಬೇಕು. ಶನಿವಾರ ಯಾರಾದರೂ ಕೇಳಿದರೆ ನಾನೇನು ಹೇಳಲಿ? ನಿಹಾರಿಕಾ?"

"ನನ್ನ ಕಾಗದ ನೋಡಿ ಸರ್. ಪ್ರತಿ ಸಲ ತೂಕ, ಕೆಮ್ಮು, ಜ್ವರ ಎಲ್ಲ ಬರೆದಿದ್ದೀನಿ. ನುಂಗಿಸೋದು ನನ್ನ ಪಾಲಿನದಲ್ಲ."

"ನಿತಿನ್?"

"ನನ್ನ ಡ್ಯೂಟಿ ತಟ್ಟೆಯವರೆಗೆ ಸರ್. ತಟ್ಟೆ ಬಿಟ್ಟ ಮೇಲೆ ಮಾತ್ರೆಗೆ ಕಾಲು ಬಂದು ಓಡಿದರೆ ನಾನೇನು ಮಾಡಲಿ?" ಅವನು ನಗೆ ನಿರೀಕ್ಷಿಸಿ ಸುತ್ತ ನೋಡಿದ.

"ಕೋಕಿಲಾ?"

ಹೊರಗೆ ಬಿದಿರಿಗೆ ಹಗ್ಗ ಬಿಗಿಯುವವರು ಒಬ್ಬರಿಗೊಬ್ಬರು ಕೂಗುತ್ತಿದ್ದರು. ಕೋಕಿಲಾ ಮೂರು ದಿನಗಳಿಂದ ಕಟ್ಟಿ, ಕೆಡವಿ, ಮತ್ತೆ ಕಟ್ಟಿದ ವಾಕ್ಯವೊಂದಿತ್ತು: ಸರ್, ಪರದೆಯ ಒಳಗೆ ಇದ್ದವಳು ನಾನು. ಐದು ಪದ. ಒಂದು ಉಸಿರು ಸಾಕು. ಅವಳು ಉಸಿರು ಎಳೆದುಕೊಂಡಳು. ಗೋಡೆಯ ಬಳಿ ಸುಭದ್ರಾದಿ ಸ್ವಲ್ಪ ಮುಂದೆ ಬಾಗಿದಂತೆ ಕಂಡಿತು, ಪಾಠ ಒಪ್ಪಿಸುವ ಮಗುವಿಗೆ ಮುಂದಿನ ಪದ ಬಾಯಲ್ಲೇ ಹೇಳಿಕೊಡುವ ತಾಯಿಯ ಹಾಗೆ. ಅವಳಿಗೆ ಗೊತ್ತಿದೆಯೇ? ಎಷ್ಟು ಗೊತ್ತಿದೆ? ಕಣ್ಣು ಬೋರ್ಡಿನ ಮೇಲಿನ ಕಾರ್ಡಿಗೆ ಬಿತ್ತು. ಸಾಲು ಸಾಲು ಮನೆಗಳು, ಒಂದೊಂದರಲ್ಲೂ ತನ್ನ ಅಂಚು ಮುಟ್ಟದ ಗುರುತು, ಕೊನೆಯಲ್ಲಿ ಗೆರೆಯ ಮೇಲೆ ದುಂಡಗೆ, ಒತ್ತಿ ಬರೆದ ಹೆಸರು. ಆ ಹೆಸರನ್ನು ನೋಡುತ್ತಿದ್ದಂತೆ ಕಟ್ಟಿದ್ದ ವಾಕ್ಯ ಜಾರಿ, ಅದರ ಜಾಗದಲ್ಲಿ ಇನ್ನೊಂದು, ತಾನೆಂದೂ ಕಟ್ಟಿರದ ವಾಕ್ಯ, ನಯವಾಗಿ ನಾಲಿಗೆಗೆ ಬಂದು ನಿಂತಿತು.

"ಕಾರ್ಡಿನ ಮೇಲೆ ಸುಭದ್ರಾದಿಯ ಸಹಿ ಇದೆ, ಸರ್."

ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಸುಳ್ಳಾಡುವುದು ಇಷ್ಟು ಸುಲಭವೆಂದು ಅವಳಿಗೆ ಗೊತ್ತಿರಲಿಲ್ಲ.

ಬಾಗ್ಚಿ ಸರ್ ಕನ್ನಡಕ ತೆಗೆದು ಗೋಡೆಯ ಕಡೆ ನೋಡಿದರು. ಸುಭದ್ರಾದಿ ಮುಂದೆ ಬಂದು ಕಾರ್ಡನ್ನು ಎತ್ತಿಕೊಂಡಳು. ತನ್ನ ಹೆಸರಿನ ಮೇಲೆ ಬೆರಳಾಡಿಸಿದಳು. ಆ ಬೆರಳು ಪಕ್ಕದ ಗುರುತುಗಳ ಮೇಲೆ ಒಂದು ಕ್ಷಣ ನಿಂತಿತು. ಆಮೇಲೆ ಕಾರ್ಡು ಮೆಲ್ಲನೆ ಮತ್ತೆ ಬೋರ್ಡಿಗೆ ಬಂತು.

"ಸಹಿ ನನ್ನದೇ, ಬಾಬು," ಎಂದಳು ಸುಭದ್ರಾದಿ. "ಬೇರೆಯವರದು ಅಂತ ಹೇಗೆ ಹೇಳಲಿ? ಹೆಸರು ಬರೆಯೋದು ಕಲಿತದ್ದೇ ಇಲ್ಲಿ."

ಅವಳು ಮೂಲೆಗೆ ಹೋಗಿ, ಬೆಳಗ್ಗೆಯಿಂದ ತುಂಬಿಟ್ಟಿದ್ದ ನೀರಿನ ಲೋಟಗಳನ್ನು ಒಂದೊಂದಾಗಿ ಬಕೆಟ್ಟಿಗೆ ಬಗ್ಗಿಸಿ, ತೊಳೆದು, ಬೋರಲು ಹಾಕಿ, ಕೇಂದ್ರದ ಬೀಗದ ಕೈಯನ್ನು ಸೆರಗಿನಿಂದ ಬಿಚ್ಚಿ ಡಬ್ಬಿಯ ಪಕ್ಕ ಇಟ್ಟಳು. ಯಾರೂ ಕೇಳಿರಲಿಲ್ಲ. ಬಾಗ್ಚಿ ಸರ್ ಬೇಡವೆಂದೂ ಅನ್ನಲಿಲ್ಲ. ಅವರು ವರದಿಯಲ್ಲಿ, ಯಾರ ಹೆಸರನ್ನೂ ಎತ್ತದೆ, 'ಸ್ಥಳೀಯ ಸ್ವಯಂಸೇವಕರ ತರಬೇತಿಯಲ್ಲಿನ ಕೊರತೆ' ಎಂದು ಬರೆಸಿದರು. ಬರೆದುಕೊಂಡವಳು ಕೋಕಿಲಾ. ಅಕ್ಷರ ಅಚ್ಚುಕಟ್ಟಾಗಿತ್ತು.

ಶನಿವಾರ ಗಾಜಿನ ಕಟ್ಟಡದ ತಣ್ಣನೆಯ ಕೋಣೆಯಲ್ಲಿ ಹಸಿರು ಕಂಬಗಳ ಪಕ್ಕ ನಿಂತು ಅವಳು ಹದಿನೈದು ನಿಮಿಷ ಮಾತಾಡಿದಳು. ಬಾಗ್ಚಿ ಸರ್ ಮಾಡಿ ತೋರಿಸುತ್ತಿದ್ದಂತೆ ಎರಡೂ ಕೈಗಳ ಬೆರಳು ಹೆಣೆದು ತೋರಿಸಿದಳು. ಚಪ್ಪಾಳೆಯಾಯಿತು. ಕೊನೆಯ ವರ್ಷದ ನರ್ಸಿಂಗ್ ಪರೀಕ್ಷೆ ಮುಗಿದು ಹತ್ತು ದಿನಕ್ಕೆ ನೇಮಕದ ಪತ್ರ ಬಂತು. ಅವ್ವ ಅದನ್ನು ವಿಭೂತಿಯ ಗಟ್ಟಿಯ ಪಕ್ಕ, ದೇವರ ಗೂಡಿನಲ್ಲಿಟ್ಟು ಕೈಮುಗಿದಳು. ಆ ಪತ್ರವನ್ನು ಅಲ್ಲಿಂದ ತೆಗೆಯಬೇಕೆಂದು ಕೋಕಿಲಾಳಿಗೆ ದಿನವೂ ಅನಿಸಿತು. ದಿನವೂ ಅದು ಅಲ್ಲಿಯೇ ಇತ್ತು.

ಹೊಸ ಕೆಲಸದ ಮೊದಲ ಬೆಳಗ್ಗೆ ಅವಳು ತಲೆ ಸಿಡಿಯುತ್ತ ಎದ್ದಳು. ಅಡುಗೆಮನೆಯಲ್ಲಿ ಪಾತ್ರೆ ಉಜ್ಜುವ ಸದ್ದು. ಪಾರುಲ್ ಬಂದಳೇ?

"ಕಡೀಕೂ ಪಾರುಲ್ ತನ್ನ ಬದ್ಲಿ ಒಬ್ಬಾಕಿನ್ನ ಕಳಿಸ್ಯಾಳವಾ," ಎಂದಳು ಅವ್ವ, ಹಿಗ್ಗಿನಿಂದ ದನಿ ತಗ್ಗಿಸಿ. "ತಾ ಊರಿಗೆ ಹೊಂಟಾಳಂತ, ಎಂಟು ತಿಂಗಳು ಬರಂಗಿಲ್ಲಂತ. ಆದ್ರ ಬದ್ಲಿ ಭಾಳ ಚೊಲೊ ಹೆಂಗಸು ನೋಡು. ಸ್ವಚ್ಛ ಅಂದ್ರ ಸ್ವಚ್ಛ. ಎಲ್ಲೋ ದವಾಖಾನ್ಯಾಗ ಕೆಲಸ ಮಾಡ್ತಿದ್ಲಂತ, ಬಿಡಿಸ್ಯಾರಂತ. ಅಂಥವರನ್ನ ಬಿಡಸ್ತಾರ ನೋಡು, ಕೈಯಾಗಿನ ಬಂಗಾರ ಚೆಲ್ಲಿಕೊಂಡಂಗ."

ಮೋರಿಯ ಬಳಿ ಕುಳಿತು ಬೂದಿಯಲ್ಲಿ ಬಾಣಲೆ ಉಜ್ಜುತ್ತಿದ್ದವಳು ತಲೆಯೆತ್ತಿದಳು. ಸುಭದ್ರಾದಿ. ಅವಳ ಮುಖದಲ್ಲಿ ಅಚ್ಚರಿ ಇರಲಿಲ್ಲ. ಯಾರ ಮನೆಯೆಂದು ತಿಳಿದೇ ಬಂದಿದ್ದಳು.

ಅವ್ವ ಚಹಾ ಸೋಸಿದಳು. ಮನೆಯ ಮೂರು ಕಪ್ಪುಗಳಿಗೆ ಹಾಕಿ, ಕಿಟಕಿಯ ಕಟ್ಟೆಗೆ ಕೈ ಚಾಚಿ ಹಿಡಿ ಮುರಿದ ನೀಲಿ ಹೂವಿನ ಕಪ್ಪನ್ನು ತೆಗೆದುಕೊಂಡಳು.

"ಆ ಕಪ್ಪು ಬ್ಯಾಡ, ಅವ್ವಾ."

"ಯಾಕ? ಏನಾಗೇತಿ ಇದಕ್ಕ?"

ಕೋಕಿಲಾ ಹಣೆ ಒತ್ತಿಕೊಂಡಳು. "ತಲಿ ಭಾಳ ನೋಯಾಕತ್ತೈತಿ," ಎಂದಳು.

"ಮೊದಲ ದಿನಾನ ಹಿಂಗ? ತಡಿ, ಗುಳಿಗಿ ಐತಿ." ಅವ್ವ ಕಪಾಟಿನಿಂದ ಬಿಳಿಯ ಮಾತ್ರೆಯೊಂದನ್ನು ತೆಗೆದು ಮಗಳ ಕೈಗಿಟ್ಟು, ಮುರುಕು ಹಿಂದಿಯಲ್ಲಿ ಸುಭದ್ರಾದಿಗೆ ನೀರು ಕೊಡಲು ಹೇಳಿ, ಗಂಡನ ಊಟದ ಡಬ್ಬಿ ಕಟ್ಟಲು ಹೊರಗೆ ಹೋದಳು.

ಸುಭದ್ರಾದಿ ಕೈ ತೊಳೆದು, ಸೆರಗಿಗೆ ಒರೆಸಿಕೊಂಡು, ಲೋಟಕ್ಕೆ ಕಂಠದವರೆಗೆ ನೀರು ತುಂಬಿಸಿ ತಂದಳು. ಕೊಟ್ಟು ಹೋಗಲಿಲ್ಲ. ಎದುರಿಗೇ ನಿಂತಳು. ಕೋಕಿಲಾ ಮಾತ್ರೆಯನ್ನು ನಾಲಿಗೆಯ ಮೇಲಿಟ್ಟು ಲೋಟ ತೆಗೆದುಕೊಂಡಳು.

"ಪಾರುಲ್ ಪರದೆಯ ಒಳಗೆ ಬಂದು ಹೋದಾಗಲೆಲ್ಲ," ಎಂದಳು ಸುಭದ್ರಾದಿ, ಮೆಲುದನಿಯಲ್ಲಿ, ದೂರುವ ಧಾಟಿಯೂ ಇಲ್ಲದೆ, "ಲೋಟ ತುಂಬಿದ ಹಾಗೇ ವಾಪಸು ಬರುತ್ತಿತ್ತು, ದಿದಿಮಣಿ. ನಾನು ಬಾಗಿಲ ಹತ್ತಿರದ ತುಳಸಿಗೆ ಹಾಕುತ್ತಿದ್ದೆ. ಓದಿದವರು, ಏನೋ ಯೋಚನೆ ಮಾಡಿರ್ತೀರಿ ಅಂದುಕೊಂಡು ಸಹಿ ಹಾಕುತ್ತಿದ್ದೆ."

ಮಾತ್ರೆ ನಾಲಿಗೆಯ ಮೇಲೆ ಕರಗತೊಡಗಿತು. ಕಹಿ ಮೊದಲು ತುದಿಗೆ, ಆಮೇಲೆ ಅಂಚಿಗೆ, ಆಮೇಲೆ ಹಲ್ಲುಗಳ ಸಂದಿಗೆ ಇಳಿಯಿತು. ಕೋಕಿಲಾ ಲೋಟ ಎತ್ತಿ ಒಂದು ಗುಟುಕು ಕುಡಿದಳು. ನೀರು ಹೋಯಿತು, ಮಾತ್ರೆ ಹೋಗಲಿಲ್ಲ. ಹೊರಗಿನಿಂದ ಅವ್ವ, ತಡ ಆಗತೈತಿ ನೋಡವಾ ಎಂದು ಕೂಗಿದಳು.

"ನುಂಗಿ," ಎಂದಳು ಸುಭದ್ರಾದಿ. "ನನಗೆ ಅವಸರವಿಲ್ಲ. ಲೋಟ ಖಾಲಿಯಾಗಲಿ."

ಕೋಕಿಲಾ ಕುಡಿದಳು. ಕೊನೆಯ ಹನಿಯವರೆಗೆ ಕುಡಿದಳು.

"ಬಾಯಿ ತೆರೆಯಿರಿ."

ಕೋಕಿಲಾ ತೆರೆದಳು.

"ನಾಲಿಗೆ ಎತ್ತಿ."